ಕೇಳುವುದೋ, ಹೇಳುವುದೋ?

ಒಂದು ರಾತ್ರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಅಮೆರಿಕ ದೇಶದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದ ಹೊರವಲಯದಲ್ಲಿ ಒಂದು ಮನೆ. ಮನೆಯಲ್ಲಿರುವವರು ಇಬ್ಬರೇ: ಎಪ್ಪತ್ತರ ಸಮೀಪದ ಪತಿ, ಹೆಚ್ಚುಕಡಿಮೆ ಅದೇ ವಯಸ್ಸಿನ ಪತ್ನಿ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ್ದಾರೆ. ನಡುರಾತ್ರಿಯಲ್ಲಿ ನೀರು ಕುಡಿಯಲೆಂದು ಎದ್ದ ಪತಿ ಅಡುಗೆಮನೆಯ ನೆಲದ ಮೇಲೆ ಕುಸಿದು ಬೀಳುತ್ತಾನೆ. ಸದ್ದು ಕೇಳಿ ಓಡಿಬಂದ ಪತ್ನಿ ಹೆಸರು ಹಿಡಿದು ಕರೆದರೂ, ಭುಜ ಹಿಡಿದು ಅಲುಗಿಸಿದರೂ ಆತನು ಕಣ್ಣು ತೆರೆಯುವುದಿಲ್ಲ. ಆಕೆ ನಡುಗುವ ಕೈಗಳಿಂದ ದೂರವಾಣಿಯಲ್ಲಿ ೯೧೧ ಎಂಬ ಮೂರು ಅಂಕೆಗಳನ್ನು ಒತ್ತುತ್ತಾಳೆ. ಅತ್ತಣಿಂದ ಒಂದು ಅಪರಿಚಿತ ಧ್ವನಿ ಕೇಳಿಸುತ್ತದೆ.

ಆ ಧ್ವನಿ ಮೊದಲು ವಿಳಾಸವನ್ನು ಕೇಳಿ ತಿಳಿದು ವಾಹನವನ್ನು ಹೊರಡಿಸುವ ವ್ಯವಸ್ಥೆ ಮಾಡುತ್ತದೆ. ಬಳಿಕ ಎರಡು ಪ್ರಶ್ನೆಗಳನ್ನು ಹಾಕುತ್ತದೆ. "ಅವರಿಗೆ ಎಚ್ಚರವಿದೆಯೇ?" "ಅವರು ಎಂದಿನಂತೆ ಉಸಿರಾಡುತ್ತಿದ್ದಾರೆಯೇ?" ಎರಡಕ್ಕೂ ಆಕೆಯ ಉತ್ತರ ಇಲ್ಲ ಎಂದೇ. ಈಗ ಆ ಧ್ವನಿಯ ಮುಂದೆ ಎರಡು ದಾರಿಗಳಿವೆ. "ಅಮ್ಮಾ, ಅವರ ಎದೆಯನ್ನು ಒತ್ತುವ ಚಿಕಿತ್ಸೆಯನ್ನು ಮಾಡಲು ನಿಮಗೆ ಇಷ್ಟವಿದೆಯೇ?" ಎಂದು ಕೇಳುವುದು ಒಂದು ದಾರಿ. "ಈಗ ನಾವಿಬ್ಬರೂ ಸೇರಿ ಅವರ ಎದೆಯನ್ನು ಒತ್ತೋಣ. ಹೇಗೆಂಬುದನ್ನು ನಾನು ಹೇಳುತ್ತೇನೆ. ಅವರನ್ನು ಅಂಗಾತ ಮಲಗಿಸಿರಿ" ಎಂದು ಹೇಳುವುದು ಇನ್ನೊಂದು ದಾರಿ. ಮೊದಲನೆಯದು ವಿನಂತಿ, ಎರಡನೆಯದು ವಿಧಿ. ಇವೆರಡರಲ್ಲಿ ಧರ್ಮ ಯಾವುದು? ಇಂದಿನ ಲೇಖನದ ಜಿಜ್ಞಾಸೆ ಇಷ್ಟೇ.

ಮೇಲುನೋಟಕ್ಕೆ ಉತ್ತರ ಸುಲಭವೆಂದು ತೋರುತ್ತದೆ. ಒಬ್ಬರ ಮನೆಯೊಳಗೆ, ಅದೂ ಅವರ ಸಂಕಟದ ಗಳಿಗೆಯಲ್ಲಿ, ಮುಖ ಕಾಣದ ಅನ್ಯನೊಬ್ಬನು ಆಜ್ಞೆ ಮಾಡುವುದು ಉದ್ಧಟತನವಲ್ಲವೇ? ಮನುಷ್ಯನನ್ನು ಗೌರವಿಸುವುದೆಂದರೆ ಅವನ ಇಚ್ಛೆಯನ್ನು ಕೇಳುವುದೇ ಅಲ್ಲವೇ? ಒತ್ತಾಯದಿಂದ ಮಾಡಿಸಿದ ಸತ್ಕಾರ್ಯಕ್ಕೆ ಏನು ಬೆಲೆ? ನಮ್ಮಲ್ಲಿ ಬಹುಮಂದಿ ಹೀಗೆಯೇ ಯೋಚಿಸುವೆವು. ನಾನೂ ಬಹುಕಾಲ ಹೀಗೆಯೇ ಯೋಚಿಸಿದ್ದುಂಟು. ಆದರೆ ವಿಷಯವನ್ನು ಬುಡದಿಂದ ಪರಿಶೀಲಿಸಿದಾಗ ಬೇರೊಂದು ಸತ್ಯ ಗೋಚರವಾಗುತ್ತದೆ. ಅದನ್ನು ವಾಚಕರ ಮುಂದಿಡುವುದಕ್ಕೆ ಮೊದಲು ಆ ಧ್ವನಿಯ ಹಿಂದಿರುವ ಇತಿಹಾಸವನ್ನು ಸಂಕ್ಷೇಪವಾಗಿ ಅರಿಯುವುದು ಅವಶ್ಯ.

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯದ ಮಾಂಸಕ್ಕೇ ರಕ್ತವನ್ನು ಒದಗಿಸುವ ನಾಳ ಕಟ್ಟಿಕೊಳ್ಳುತ್ತದೆ. ರೋಗಿ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ, ನೋವನ್ನು ಹೇಳಿಕೊಳ್ಳುತ್ತಾನೆ. ಹೃದಯಸ್ತಂಭನದಲ್ಲಿ ಹೃದಯವು ರಕ್ತವನ್ನು ತಳ್ಳುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗತೊಡಗುತ್ತದೆ. ಯಾರೂ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತ ಹೋಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಎಷ್ಟೇ ಶ್ರೀಮಂತ ನಗರವಾದರೂ ವಾಹನವು ಬಾಗಿಲಿಗೆ ಬಂದು ನಿಲ್ಲಲು ಕೆಲವು ನಿಮಿಷಗಳು ಬೇಕೇ ಬೇಕು. ಆ ಕೆಲವು ನಿಮಿಷಗಳಲ್ಲಿಯೇ ಬಾಳುವುದೂ ಅಳಿಯುವುದೂ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ.

ಈ ಅಂತರವನ್ನು ತುಂಬುವ ಉಪಾಯವನ್ನು ೧೯೬೦ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು ಲೋಕಕ್ಕೆ ತಿಳಿಸಿದರು. ಅವರಲ್ಲಿ ವಿಲಿಯಂ ಕೌವನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. ಜೇಮ್ಸ್ ಜೂಡ್ ಶಸ್ತ್ರವೈದ್ಯರು. ಗೈ ನಿಕರ್‌ಬಾಕರ್ ತರುಣ ಸಂಶೋಧಕರು. ಎದೆಯನ್ನು ಸೀಳದೆಯೇ, ಹೊರಗಿನಿಂದ ಲಯಬದ್ಧವಾಗಿ ಒತ್ತುವುದರಿಂದ ನಿಂತ ಹೃದಯದ ಮೂಲಕವೂ ಒಂದಿಷ್ಟು ರಕ್ತವನ್ನು ಮಿದುಳಿಗೆ ತಲುಪಿಸಬಹುದೆಂದು ಅವರು ತೋರಿಸಿಕೊಟ್ಟರು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ವಿಧಾನವನ್ನು ಡಾ. ಪೀಟರ್ ಸಫಾರ್ ಮೊದಲಾದವರು ೧೯೫೦ರ ದಶಕದಲ್ಲಿಯೇ ಪರೀಕ್ಷಿಸಿ ಸ್ಥಾಪಿಸಿದ್ದರು. ಇವೆರಡರ ಸಂಗಮವೇ ಇಂದು ಸಿಪಿಆರ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಹೃದಯ-ಶ್ವಾಸ ಪುನಶ್ಚೇತನ. ಇದಕ್ಕೆ ಯಂತ್ರ ಬೇಡ, ಔಷಧ ಬೇಡ, ಪದವಿ ಬೇಡ. ಎರಡು ಕೈಗಳಿದ್ದರೆ ಸಾಕು.

ಹಾಗಾದರೆ ಆ ಎರಡು ಕೈಗಳನ್ನು ಎಲ್ಲರಿಗೂ ಕಲಿಸಿಬಿಟ್ಟರಾಯಿತಲ್ಲವೇ? ಸಿಯಾಟಲ್ ನಗರ ಅದನ್ನೇ ಮಾಡಹೊರಟಿತು. ಡಾ. ಲಿಯೊನಾರ್ಡ್ ಕಾಬ್ ಎಂಬ ಹೃದ್ರೋಗ ತಜ್ಞರೂ ಅಲ್ಲಿಯ ಅಗ್ನಿಶಾಮಕ ಇಲಾಖೆಯೂ ಕೂಡಿ ೧೯೭೦ರ ದಶಕದ ಆರಂಭದಲ್ಲಿ ಸಾಮಾನ್ಯ ನಾಗರಿಕರಿಗೆ ಈ ವಿದ್ಯೆಯನ್ನು ಹೇಳಿಕೊಡತೊಡಗಿದರು. ಸಾವಿರ ಸಾವಿರ ಜನ ಕಲಿತರು. ಅದಾಗಿಯೂ ಒಂದು ತೊಡಕು ಉಳಿಯಿತು. ಹೃದಯಸ್ತಂಭನದ ಬಹುಪಾಲು ಪ್ರಸಂಗಗಳು ನಡೆಯುವುದು ಪೇಟೆ ಬೀದಿಗಳಲ್ಲಿ ಅಲ್ಲ, ಮನೆಗಳಲ್ಲಿ. ಬೀಳುವವರು ಬಹುಮಟ್ಟಿಗೆ ವಯಸ್ಸಾದವರು, ಪಕ್ಕದಲ್ಲಿರುವವರೂ ವಯಸ್ಸಾದವರೇ. ತರಬೇತಿಯ ತರಗತಿಗೆ ಉತ್ಸಾಹದಿಂದ ಬರುವವರಾದರೋ ತರುಣರು. ಕಲಿತ ಕೈ ಒಂದು ಕಡೆ, ಬಿದ್ದ ದೇಹ ಇನ್ನೊಂದು ಕಡೆ. ಇವೆರಡನ್ನೂ ಕೂಡಿಸುವ ಸೇತುವೆ ಯಾವುದು?

ಸೇತುವೆ ಆಗಲೇ ಇತ್ತು. ಕರೆ ಬಂದಾಗ ಅದನ್ನು ಎತ್ತಿಕೊಳ್ಳುವ ಒಬ್ಬ ಮನುಷ್ಯ ಕೇಂದ್ರದಲ್ಲಿ ಹಗಲಿರುಳೂ ಕುಳಿತಿದ್ದನು. ಆಂಗ್ಲ ಭಾಷೆಯಲ್ಲಿ ಅವನಿಗೆ ಡಿಸ್ಪ್ಯಾಚರ್ ಎಂದು ಹೆಸರು, ಎಂದರೆ ರವಾನಿಸುವವನು. ವಾಹನವನ್ನು ರವಾನಿಸುವುದಷ್ಟೇ ತನ್ನ ಕರ್ತವ್ಯವೆಂದು ಅವನೂ ತಿಳಿದಿದ್ದನು, ಅವನನ್ನು ನೇಮಿಸಿದವರೂ ತಿಳಿದಿದ್ದರು. ಸಿಯಾಟಲ್ ಸೇರಿರುವ ಕಿಂಗ್ ಕೌಂಟಿಯಲ್ಲಿ, ಎಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗದಲ್ಲಿ, ಡಾ. ಮಿಕ್ಕಿ ಐಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ೧೯೮೦ರ ದಶಕದ ಆರಂಭದಲ್ಲಿ ಈ ರವಾನಿಸುವವರಿಗೇ ತರಬೇತಿ ಕೊಟ್ಟರು. ಕರೆ ಮಾಡಿದವರು ಏನೂ ಕಲಿಯದವರಾದರೂ, ಅವರ ಕೈಯಿಂದಲೇ ಎದೆ ಒತ್ತಿಸುವ ಸೂಚನೆಗಳನ್ನು ದೂರವಾಣಿಯಲ್ಲಿ ಹೇಳುವ ವಿದ್ಯೆ ಅದು. ಫಲವನ್ನು ಅವರು ೧೯೮೫ರಲ್ಲಿ ಪ್ರಕಟಿಸಿದರು. ತರಬೇತಿಗೆ ಮುಂಚೆ, ಹೃದಯ ನಿಂತ ೧೯೧ ಮಂದಿಯಲ್ಲಿ ೮೬ ಮಂದಿಗೆ, ಎಂದರೆ ನೂರಕ್ಕೆ ೪೫ರಷ್ಟು ಜನರಿಗೆ ಹತ್ತಿರದವರ ಕೈಗಳಿಂದ ಈ ಉಪಚಾರ ದೊರೆತಿತ್ತು. ತರಬೇತಿಯ ನಂತರ ೨೫೫ರಲ್ಲಿ ೧೪೩ ಮಂದಿಗೆ, ಎಂದರೆ ನೂರಕ್ಕೆ ೫೬ರಷ್ಟು ಜನರಿಗೆ ದೊರೆಯಿತು. ಹೊಸ ಆಸ್ಪತ್ರೆ ಕಟ್ಟಿಸಲಿಲ್ಲ, ಹೊಸ ಯಂತ್ರ ತರಿಸಲಿಲ್ಲ. ಮಾತಿನ ವಿಧಾನವೊಂದು ಬದಲಾಯಿತು, ಅಷ್ಟೇ.

ಈಗ ನಮ್ಮ ಜಿಜ್ಞಾಸೆಗೆ ಮರಳೋಣ. ಮಾತು ಎಂತಹದಿರಬೇಕು? ಆಸ್ಟ್ರೇಲಿಯದ ಪಶ್ಚಿಮ ತೀರದಲ್ಲಿರುವ ಪರ್ತ್ ನಗರದ ವಿದ್ವಾಂಸರು ಧ್ವನಿಮುದ್ರಿತ ತುರ್ತು ಕರೆಗಳನ್ನು ಭಾಷಾಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿ ೨೦೧೮ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. "ಮಾಡಲು ಇಷ್ಟವಿದೆಯೇ?" ಎಂಬ ಧಾಟಿಯಲ್ಲಿ ಕೇಳಿದಾಗ ಕರೆ ಮಾಡಿದವರಲ್ಲಿ ನೂರಕ್ಕೆ ೪೩ರಷ್ಟು ಮಂದಿ ಮಾತ್ರ ಒಪ್ಪಿದರು. "ನಾವು ಮಾಡಬೇಕು" ಎಂಬ ಧಾಟಿಗೆ ೮೪ರಷ್ಟು ಮಂದಿ ಒಪ್ಪಿದರು. "ಈಗ ನಾವು ಮಾಡಲಿದ್ದೇವೆ" ಎಂಬ ಧಾಟಿಗೆ ೯೭ರಷ್ಟು ಮಂದಿ ಒಪ್ಪಿದರು. ವ್ಯಾಕರಣದ ಪಾಠದಲ್ಲಿ ಪ್ರಶ್ನಾರ್ಥಕ, ವಿಧ್ಯರ್ಥಕ, ಭವಿಷ್ಯತ್ ಎಂದು ಬಾಯಿಪಾಠ ಮಾಡಿದವರು ನಾವು. ಕ್ರಿಯಾಪದದ ಒಂದು ರೂಪಕ್ಕೂ ಇನ್ನೊಂದು ರೂಪಕ್ಕೂ ನಡುವೆ ಇಷ್ಟು ಜೀವಗಳು ತೂಗಾಡಬಲ್ಲವೆಂದು ನಮ್ಮಲ್ಲಿ ಯಾರು ಎಣಿಸಿದ್ದೆವು?

ಆದರೆ ಅಂಕಿಗಳು ಧರ್ಮವನ್ನು ನಿರ್ಣಯಿಸಲಾರವು. ಹೆಚ್ಚು ಜನ ಒಪ್ಪಿದರೆಂಬುದರಿಂದಲೇ ಒಪ್ಪಿಸಿದ್ದು ಸರಿಯೆಂದಾಗದು. ಸಂತೆಯ ಮೋಸಗಾರನೂ ಜನರನ್ನು ಒಪ್ಪಿಸಬಲ್ಲನು. ಆದುದರಿಂದ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಇಷ್ಟವಿದೆಯೇ ಎಂದು ಕೇಳಿದಾಗ ಬೇಡವೆಂದವರು ಏಕೆ ಬೇಡವೆಂದರು? ಪತಿ ಬದುಕುವುದು ಆ ಪತ್ನಿಗೆ ಬೇಡವಾಗಿತ್ತೇ? ಖಂಡಿತ ಅಲ್ಲ. ತನ್ನಿಂದ ತಪ್ಪಾದೀತೆಂಬ ಭಯ, ಪಕ್ಕೆಲುಬು ಮುರಿದೀತೆಂಬ ಅಂಜಿಕೆ, ತನಗೆ ಗೊತ್ತಿಲ್ಲವೆಂಬ ಸಂಕೋಚ ಆಕೆಯ ಬಾಯಿಂದ ಆ ಮಾತನ್ನು ಆಡಿಸಿದವು. ಆಕೆಯ ನಿಜವಾದ ಇಚ್ಛೆ ಆಗಲೇ ಪ್ರಕಟವಾಗಿತ್ತು. ಆ ಮೂರು ಅಂಕೆಗಳನ್ನು ಒತ್ತಿದ್ದೇ ಅದರ ಪ್ರಕಟನೆ. ಕಾಪಾಡಿರಿ ಎಂದು ಕರೆದವಳನ್ನು ಕಾಪಾಡಲು ಇಷ್ಟವಿದೆಯೇ ಎಂದು ಮತ್ತೆ ಕೇಳುವುದು ಆಕೆಯ ಇಚ್ಛೆಯನ್ನು ಕೇಳಿದಂತಲ್ಲ. ಆಕೆಯ ಭಯವನ್ನು ಕೇಳಿದಂತೆ.

ಇನ್ನೊಂದು ಮುಖವನ್ನೂ ನೋಡಿರಿ. ಆಕೆ ಬೇಡವೆಂದಳು, ಆತನು ಉಳಿಯಲಿಲ್ಲ ಎಂದಿಟ್ಟುಕೊಳ್ಳೋಣ. ಮುಂದೆ ಆಕೆ ಬದುಕಿರುವಷ್ಟು ದಿನವೂ ಆ "ಬೇಡ" ಆಕೆಯದಾಗಿಯೇ ಉಳಿಯುತ್ತದೆ. ಕೇಳಿದಾತನು ಸಭ್ಯತೆಯನ್ನು ಕಾಪಾಡಿಕೊಂಡನು, ನಿರ್ಣಯದ ಭಾರವನ್ನು ಮಾತ್ರ ಆ ಮುದುಕಿಯ ತಲೆಯ ಮೇಲೆ ಹೊರಿಸಿಬಿಟ್ಟನು. ಅದೇ, ಹೀಗೆ ಮಾಡಿರಿ ಎಂದು ಹೇಳಿದ್ದರೆ? ಆಕೆ ಒತ್ತಿದಳು, ಆದರೂ ಆತನು ಉಳಿಯಲಿಲ್ಲ. ದುಃಖ ಅಷ್ಟೇ ಇದ್ದೀತು. ಆದರೆ "ಹೇಳಿದ್ದನ್ನೆಲ್ಲ ಮಾಡಿದೆ" ಎಂಬ ಒಂದು ಆಸರೆ ಆಕೆಗೆ ದೊರೆಯುತ್ತದೆ. ತಪ್ಪಿದ್ದರೆ ಅದು ಹೇಳಿದವನದು. ವಿಧಿಯ ಮಾತನ್ನು ಆಡಿದವನು ಆಕೆಯ ಸ್ವಾತಂತ್ರ್ಯವನ್ನು ಕಸಿದುಕೊಳ್ಳಲಿಲ್ಲ. ಆಕೆಯ ಹೊರೆಯನ್ನು ತನ್ನ ಹೆಗಲಿಗೆ ವರ್ಗಾಯಿಸಿಕೊಂಡನು. ಎಲ್ಲ ವಿನಂತಿಯೂ ವಿನಯವಲ್ಲ. ಕೆಲವು ವಿನಂತಿಗಳು ಹೊಣೆಯಿಂದ ಜಾರಿಕೊಳ್ಳುವ ಸಭ್ಯ ಮಾರ್ಗಗಳು.

ಈ ಸತ್ಯ ನಮಗೆ ಹೊಸದೇನೂ ಅಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದವರು ತಮ್ಮ ಮೊದಲ ರಾತ್ರಿಯನ್ನು ಸ್ಮರಿಸಿಕೊಳ್ಳಲಿ. ತಂದೆ ಬಿಟ್ಟು ಹೋಗಿದ್ದಾರೆ. ಹುಡುಗ ಟ್ರಂಕಿನ ಮೇಲೆ ಕುಳಿತು ಅಳುತ್ತಿದ್ದಾನೆ. ಹಿರಿಯ ವಿದ್ಯಾರ್ಥಿಯೊಬ್ಬ ಬಂದು "ಊಟ ಮಾಡುವೆಯಾ?" ಎಂದು ಕೇಳಿದ್ದರೆ ಹುಡುಗ ಒಲ್ಲೆನೆನ್ನುತ್ತಿದ್ದ, ಆ ರಾತ್ರಿ ಉಪವಾಸ ಮಲಗುತ್ತಿದ್ದ. ಅವನು ಹಾಗೆ ಕೇಳಲಿಲ್ಲ. "ಏಳು, ತಟ್ಟೆ ತೆಗೆದುಕೋ, ಪಂಕ್ತಿಗೆ ನಡೆ" ಎಂದ. ಸಾವಾದ ಮನೆಗೆ ನೆರೆಯವರು ಬುತ್ತಿ ಕಟ್ಟಿಕೊಂಡು ಬರುವಾಗಲೂ ತರಲೇ ಎಂದು ಅನುಮತಿ ಬೇಡುವುದಿಲ್ಲ. ತಂದು, ಬಡಿಸಿ, "ಎರಡು ತುತ್ತು ಉಣ್ಣಿರಿ" ಎಂದು ಕೂಡಿಸುತ್ತಾರೆ. ಆಯ್ಕೆ ಮಾಡುವ ಶಕ್ತಿಯೇ ಉಡುಗಿಹೋದವರ ಮುಂದೆ ಆಯ್ಕೆಯನ್ನು ಇಡುವುದು ಉಪಕಾರವಲ್ಲವೆಂದು ನಮ್ಮ ಹಿರಿಯರು ಅರಿತಿದ್ದರು.

ಇಲ್ಲಿ ವಿವೇಕಿಗಳಾದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. "ನಿಮ್ಮ ಹೊರೆಯನ್ನು ನಾನು ಹೊರುತ್ತೇನೆ, ನೀವು ಹೇಳಿದಷ್ಟು ಮಾಡಿರಿ" ಎಂದು ಲೋಕದ ಎಲ್ಲ ದರ್ಪಿಷ್ಠರೂ ಹೇಳುತ್ತ ಬಂದಿದ್ದಾರೆ. ಆಜ್ಞೆಗೆ ಇಷ್ಟು ಮಣೆ ಹಾಕಿದರೆ ಅದು ಎಲ್ಲಿ ನಿಂತೀತು? ಆಕ್ಷೇಪ ನ್ಯಾಯವಾದುದು. ಆಜ್ಞಾಪಿಸುವ ಅಧಿಕಾರ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಕುರ್ಚಿಯಿಂದಲೂ ಬರುವುದಿಲ್ಲ. ಆ ದೂರವಾಣಿಯ ಧ್ವನಿಗೆ ಅದು ಎಲ್ಲಿಂದ ಬಂದಿತು? ನನ್ನ ಬುದ್ಧಿಗೆ ತೋಚಿದಂತೆ ಮೂರು ಮೂಲಗಳಿಂದ: ಮುಂಚಿನ ಸಿದ್ಧತೆಯಿಂದ, ಆ ಕ್ಷಣದ ಆಲಿಕೆಯಿಂದ, ಅನಂತರದ ಉತ್ತರದಾಯಿತ್ವದಿಂದ. ತರಬೇತಿ ಎಂಬ ಸಾಮಾನ್ಯ ಶಬ್ದದೊಳಗೆ ಈ ಮೂರೂ ಅಡಗಿವೆ.

ಮೊದಲನೆಯದು ಸಿದ್ಧತೆ. ಒಳ್ಳೆಯ ಮನಸ್ಸಿದ್ದರೆ ಸಾಕು, ಮಾತು ತಾನಾಗಿ ಬರುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಅದು ಇಲ್ಲಿ ನಿಲ್ಲುವುದಿಲ್ಲ. ತರಬೇತಿಯಿಲ್ಲದ ಕರುಣಾಳು ಆ ಪತ್ನಿಗೆ ಏನು ಹೇಳಿಯಾನು? "ಗಾಬರಿಯಾಗಬೇಡಿರಿ ಅಮ್ಮಾ, ವಾಹನ ಹೊರಟಿದೆ, ಇನ್ನೇನು ಬಂದುಬಿಡುತ್ತದೆ" ಎಂದಾನು. ಎಷ್ಟು ಮೃದುವಾದ ಮಾತು! ಆದರೆ ಆ ಮಾತನ್ನು ನಂಬಿ ಆಕೆ ಕೈಕಟ್ಟಿ ಕುಳಿತರೆ ಬದುಕಿನ ನಿಮಿಷಗಳು ಸೋರಿಹೋಗುತ್ತವೆ. ತರಬೇತಿ ಪಡೆದವನ ಮಾತು ಇಷ್ಟು ಇಂಪಾಗಿರುವುದಿಲ್ಲ. "ದೂರವಾಣಿಯ ಸ್ಪೀಕರ್ ಹಾಕಿ ನೆಲದ ಮೇಲಿಡಿರಿ. ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿರಿ. ಪಕ್ಕದಲ್ಲಿ ಮೊಣಕಾಲೂರಿರಿ. ಒಂದು ಅಂಗೈಯ ಬುಡವನ್ನು ಎದೆಯ ನಟ್ಟನಡುವೆ ಇಡಿರಿ, ಇನ್ನೊಂದು ಕೈಯನ್ನು ಅದರ ಮೇಲಿಡಿರಿ. ಮೊಣಕೈ ಮಡಿಸದೆ ಒತ್ತಿರಿ. ನನ್ನೊಡನೆ ಎಣಿಸಿರಿ: ಒಂದು, ಎರಡು, ಮೂರು, ನಾಲ್ಕು." ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ಲಯದಲ್ಲಿ ಆ ಧ್ವನಿಯೂ ಎಣಿಸುತ್ತದೆ. ಈ ಕಠಿಣವಾದ ಎಣಿಕೆಯೇ ಆ ಹೊತ್ತಿನ ಕರುಣೆ.

ಮಾತನ್ನು ಎಷ್ಟು ಸರಳಗೊಳಿಸಬೇಕೆಂಬುದನ್ನೂ ಅವರು ಪರೀಕ್ಷೆಯಿಂದಲೇ ಕಂಡುಕೊಂಡರು. ಪ್ರಾಪ್ತವಯಸ್ಕರ ಎದೆ ಕನಿಷ್ಠ ಐದು ಸೆಂಟಿಮೀಟರ್ ಕೆಳಗಿಳಿಯುವಂತೆ ಒತ್ತಬೇಕೆಂಬುದು ಶಾಸ್ತ್ರ. ಆದರೆ "ಎರಡು ಅಂಗುಲ ಒತ್ತಿರಿ" ಎಂದು ಅಳತೆ ಹೇಳಿದರೆ ಜನ ಅಂಜುತ್ತ ಮೆಲ್ಲಗೆ ಒತ್ತುತ್ತಾರೆ. "ನಿಮಗೆ ಎಷ್ಟು ಬಲವಿದೆಯೋ ಅಷ್ಟೂ ಹಾಕಿ ಒತ್ತಿರಿ" ಎಂದರೆ ಒತ್ತು ಆಳಕ್ಕಿಳಿಯುತ್ತದೆ. ಬೊಂಬೆಗಳ ಮೇಲೆ ನಡೆಸಿದ ಪರೀಕ್ಷೆಯೊಂದು ೨೦೦೮ರಲ್ಲಿ ಇದನ್ನು ತೋರಿಸಿತು. ಬಾಯಿಂದ ಉಸಿರು ತುಂಬುವ ಸೂಚನೆಯನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬ ಪ್ರಶ್ನೆಯನ್ನೂ ಸಿಯಾಟಲ್‌ನಲ್ಲಿಯೇ ಪರೀಕ್ಷಿಸಿ ೨೦೦೦ದಲ್ಲಿ ಪ್ರಕಟಿಸಿದರು. ಎದೆ ಒತ್ತುವುದನ್ನಷ್ಟೇ ಹೇಳಿದ ಗುಂಪಿನಲ್ಲಿ ನೂರಕ್ಕೆ ೧೪.೬ರಷ್ಟು, ಎರಡನ್ನೂ ಹೇಳಿದ ಗುಂಪಿನಲ್ಲಿ ೧೦.೪ರಷ್ಟು ರೋಗಿಗಳು ಬದುಕಿ ಮನೆಗೆ ಮರಳಿದರು. ಈ ವ್ಯತ್ಯಾಸ ಕಾಕತಾಳೀಯವಾಗಿರಬಹುದೆಂಬ ಸಂಶಯವನ್ನು ಗಣಿತ ಸಂಪೂರ್ಣವಾಗಿ ನಿವಾರಿಸಲಿಲ್ಲ. ಆದರೆ ಸರಳವಾದುದು ಕೀಳಲ್ಲವೆಂಬುದು ಸಿದ್ಧವಾಯಿತು. ಅದನ್ನು ಹೇಳಿ ಮುಗಿಸಲು ಒಂದು ನಿಮಿಷಕ್ಕೂ ಹೆಚ್ಚು ಸಮಯ ಉಳಿಯುತ್ತಿತ್ತು. ಆದುದರಿಂದ ಹಠಾತ್ತನೆ ಕುಸಿದ ದೊಡ್ಡವರ ವಿಷಯದಲ್ಲಿ ದೂರವಾಣಿಯಲ್ಲಿ ಎದೆ ಒತ್ತುವುದನ್ನಷ್ಟೇ ಹೇಳುವುದು ರೂಢಿಗೆ ಬಂದಿತು. ಮಕ್ಕಳಿಗೂ ನೀರಿನಲ್ಲಿ ಮುಳುಗಿದವರಿಗೂ ಉಸಿರು ತುಂಬುವುದು ಇಂದಿಗೂ ಮುಖ್ಯವೇ.

ಎರಡನೆಯದು ಆಲಿಕೆ. ನಮ್ಮ ನುಡಿಯಲ್ಲಿ ಕೇಳು ಎಂಬ ಧಾತುವಿಗೆ ಪ್ರಶ್ನಿಸು ಎಂದೂ ಆಲಿಸು ಎಂದೂ ಎರಡರ್ಥಗಳಿರುವುದು ಗಮನಾರ್ಹ. ಅನುಮತಿಯನ್ನು ಕೇಳದ ಆ ಧ್ವನಿ ಮತ್ತೊಂದು ರೀತಿಯಲ್ಲಿ ಬಹಳ ಕೇಳಬೇಕಾಗುತ್ತದೆ. ಹೃದಯ ನಿಂತ ಮೇಲೂ ಕೆಲವರಲ್ಲಿ ಕೆಲವು ನಿಮಿಷ ಗೊರಗೊರನೆ ಬಿಟ್ಟುಬಿಟ್ಟು ಎಳೆಯುವ ಉಸಿರಿರುತ್ತದೆ. ನಮ್ಮವರು ಇದನ್ನೇ ಮೇಲುಸಿರು, ಊರ್ಧ್ವಶ್ವಾಸ ಎನ್ನುವರು. ಕರೆ ಮಾಡಿದವರು ಅದನ್ನು ಕಂಡು "ಉಸಿರಾಡುತ್ತಿದ್ದಾರೆ" ಎಂದುಬಿಡುತ್ತಾರೆ; ಅಲ್ಲಿಗೆ ಎಲ್ಲವೂ ನಿಂತುಹೋಗುತ್ತದೆ. ಅದಕ್ಕಾಗಿಯೇ ಪ್ರಶ್ನೆಯಲ್ಲಿ "ಎಂದಿನಂತೆ" ಎಂಬ ಒಂದು ಪದವನ್ನು ಸೇರಿಸಿದ್ದಾರೆ. ತರಬೇತಿ ಪಡೆದ ಕಿವಿ ಆ ಗೊರಕೆಯ ಸದ್ದನ್ನು ದೂರವಾಣಿಯಲ್ಲಿಯೇ ಗುರುತಿಸಲು ಅಭ್ಯಾಸ ಮಾಡಿರುತ್ತದೆ.

ಆದರೂ ಸಂಶಯ ಉಳಿಯಬಹುದು. ನಿಲ್ಲದ ಹೃದಯವನ್ನು ಒತ್ತಿಸಿಬಿಟ್ಟರೆ? ಈ ಭಯವನ್ನೂ ಅವರು ತೂಗಿ ನೋಡಿದರು. ಹೃದಯ ನಿಂತಿರದಿದ್ದರೂ ಹೀಗೆ ಎದೆ ಒತ್ತಿಸಿಕೊಂಡ ಸುಮಾರು ಇನ್ನೂರೈವತ್ತು ಮಂದಿಯನ್ನು ಕಿಂಗ್ ಕೌಂಟಿಯಲ್ಲಿ ಪರಿಶೀಲಿಸಿ ೨೦೧೦ರಲ್ಲಿ ವರದಿ ಮಾಡಿದರು. ನೂರಕ್ಕೆ ಹನ್ನೆರಡರಷ್ಟು ಮಂದಿಗೆ ನೋವಾಗಿತ್ತು, ಎರಡರಷ್ಟು ಮಂದಿಗೆ ಎಲುಬು ಮುರಿದಿರಬಹುದೆಂದು ಕಂಡಿತು. ಒಳಗಿನ ಅಂಗಗಳಿಗೆ ಏಟು ಬಿದ್ದುದು ಯಾರಲ್ಲಿಯೂ ಕಾಣಲಿಲ್ಲ. ಒಂದು ತಕ್ಕಡಿಯಲ್ಲಿ ಪಕ್ಕೆಲುಬು, ಇನ್ನೊಂದರಲ್ಲಿ ಪ್ರಾಣ. ಪೂರ್ಣ ನಿಶ್ಚಯವಾಗುವವರೆಗೆ ಕಾಯುತ್ತೇನೆ ಎನ್ನುವವನು ತಾನು ತಟಸ್ಥನೆಂದು ಭ್ರಮಿಸುತ್ತಾನೆ. ಕಾಯುವುದೂ ಒಂದು ಕರ್ಮವೇ, ಅದಕ್ಕೂ ಫಲವುಂಟು.

ಆಲಿಕೆಗೆ ಇನ್ನೊಂದು ಪ್ರಯೋಜನವಿದೆ. ನಿಜವಾದ "ಬೇಡ" ಯಾವುದು, ಭಯದ "ಬೇಡ" ಯಾವುದು ಎಂದು ಅದು ಬೇರ್ಪಡಿಸುತ್ತದೆ. "ದೇಹ ತಣ್ಣಗಾಗಿ ಸೆಟೆದುಕೊಂಡಿದೆ" ಎಂದು ಆಕೆ ಹೇಳಿದರೆ ಅಲ್ಲಿ ಒತ್ತಿಸುವುದು ಕ್ರೌರ್ಯ. "ಅವರಿಗೆ ವಾಸಿಯಾಗದ ಕಾಯಿಲೆ, ಇಂತಹ ಉಪಚಾರ ತಮಗೆ ಬೇಡವೆಂದು ವೈದ್ಯರ ಮುಂದೆ ಬರೆದುಕೊಟ್ಟಿದ್ದಾರೆ" ಎಂದರೆ ಅಲ್ಲಿ ಆಜ್ಞೆಯು ಕೈಮುಗಿದು ಹಿಂದೆ ಸರಿಯಬೇಕು. "ನನ್ನ ಸೊಂಟ ಬಾಗದು, ಅವರನ್ನು ಮಂಚದಿಂದ ಇಳಿಸಲಾರೆ" ಎಂದರೆ ನೆರೆಯವರನ್ನು ಕೂಗಲು ಹೇಳಬೇಕು. ಆಗಲೂ ಆಗದಿದ್ದರೆ ಆಕೆಯನ್ನು ದೂಷಿಸುವ ಒಂದು ಅಕ್ಷರವೂ ಬಾಯಿಂದ ಹೊರಡಬಾರದು. ದರ್ಪಿಷ್ಠನ ಆಜ್ಞೆಗೂ ಈ ಆಜ್ಞೆಗೂ ಭೇದ ಇಲ್ಲಿದೆ. ದರ್ಪಿಷ್ಠನು ಹೇಳುತ್ತಾನೆ, ಆಲಿಸುವುದಿಲ್ಲ. ಆಲಿಸದವನಿಗೆ ಹೇಳುವ ಅಧಿಕಾರವಿಲ್ಲ.

ಮೂರನೆಯದು ಉತ್ತರದಾಯಿತ್ವ. ಈ ಕರೆಗಳೆಲ್ಲ ಧ್ವನಿಮುದ್ರಿತವಾಗುತ್ತವೆ. ಕಿಂಗ್ ಕೌಂಟಿಯಂತಹ ಕಡೆಗಳಲ್ಲಿ ಹೃದಯಸ್ತಂಭನದ ಕರೆಗಳನ್ನು ಅನಂತರ ಮತ್ತೆ ಹಾಕಿ ಕೇಳುತ್ತಾರೆ. ಎಷ್ಟು ಹೊತ್ತಿಗೆ ಗುರುತಿಸಿದೆ? ಯಾವ ಅನಗತ್ಯ ಪ್ರಶ್ನೆಯಿಂದ ಸಮಯ ಕಳೆಯಿತು? ಮೊದಲ ಒತ್ತು ಬಿದ್ದುದು ಎಷ್ಟನೆಯ ಸೆಕೆಂಡಿಗೆ? ತನ್ನ ಮಾತನ್ನು ತಾನೇ ಮತ್ತೆ ಕೇಳಿಸಿಕೊಂಡು, ತಪ್ಪನ್ನು ಒಪ್ಪಿ, ಮುಂದಿನ ಕರೆಗೆ ತಿದ್ದಿಕೊಳ್ಳುವುದು ಸಾಮಾನ್ಯ ತಪಸ್ಸಲ್ಲ. ಮನೆಯ ಹಿರಿಯರೂ ಉಪಾಧ್ಯಾಯರೂ ಅಧಿಕಾರಿಗಳೂ ಆಗಿ ದಿನವೂ ಹತ್ತಾರು ಆಜ್ಞೆಗಳನ್ನು ಮಾಡುವ ನಾವು, ನಮ್ಮ ಒಂದು ದಿನದ ಮಾತುಗಳನ್ನು ಹೀಗೆ ಮತ್ತೆ ಕೇಳಿಸಿಕೊಳ್ಳಲು ಸಿದ್ಧರಿದ್ದೇವೆಯೇ?

ಇಷ್ಟಾದರೂ ಫಲ ಕೈಯಲ್ಲಿಲ್ಲ. ಮೇಲೆ ಹೇಳಿದ ಸಂಖ್ಯೆಯನ್ನು ಮತ್ತೊಮ್ಮೆ ನೋಡಿರಿ. ಬದುಕಿದವರು ನೂರಕ್ಕೆ ಹದಿನೈದರ ಒಳಗೆ; ಮಿಕ್ಕವರು ತೀರಿಕೊಂಡರು. ಕರೆ ಸ್ವೀಕರಿಸಿದಾತನು ಸರಿಯಾಗಿ ಹೇಳಿದನು, ಆಕೆ ಸರಿಯಾಗಿ ಒತ್ತಿದಳು, ಆದರೂ ಬಹುಮಂದಿ ಉಳಿಯಲಿಲ್ಲ. ವಾಹನದವರು ಬಾಗಿಲೊಳಗೆ ಕಾಲಿಟ್ಟೊಡನೆ ದೂರವಾಣಿ ಕಡಿದುಹೋಗುತ್ತದೆ. ಎಷ್ಟೋ ಸಲ ಆ ಮನುಷ್ಯ ಬದುಕಿದನೇ ಇಲ್ಲವೇ ಎಂಬುದೂ ಇವನಿಗೆ ತಿಳಿಯುವುದಿಲ್ಲ. ತಿಳಿಯುವ ಮುಂಚೆಯೇ ಮುಂದಿನ ಕರೆ ಬರುತ್ತದೆ. ಅದು ಬೆರಳು ಕುಯ್ದುಕೊಂಡವರದಿರಬಹುದು, ಬೆಂಕಿ ಬಿದ್ದ ಮನೆಯದಿರಬಹುದು. ಕೃತಜ್ಞತೆಯ ಮಾತನ್ನಾಗಲಿ, ಕಾರ್ಯದ ಕೊನೆಯನ್ನಾಗಲಿ ಕಾಣದೆ ಮತ್ತೆ ಅದೇ ಎರಡು ಪ್ರಶ್ನೆಗಳಿಗೆ ಸಿದ್ಧನಾಗುವುದೇ ಅವನ ಬದುಕು. ಫಲದಿಂದ ಅಳೆದರೆ ಅವನ ಬಹುಪಾಲು ದುಡಿಮೆ ವ್ಯರ್ಥ. ಯಾವ ಕರೆ ಆ ಹದಿನೈದರೊಳಗೆ ಸೇರುವುದೆಂದು ಯಾರಿಗೂ ಮುಂಚಿತವಾಗಿ ತಿಳಿಯದಿರುವುದರಿಂದ ಪ್ರತಿಯೊಂದು ಕರೆಯೂ ಅಮೂಲ್ಯ.

ಇದೆಲ್ಲ ದೂರದ ದೇಶಗಳ ಮಾತು, ನಮಗೇನು ಎನ್ನಬೇಡಿರಿ. ನಮ್ಮ ನಾಡಿನಲ್ಲಿಯೂ ೨೦೦೮ರ ನವೆಂಬರ್ ೧ರಂದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ೧೦೮ರ ಸೇವೆ ಆರಂಭವಾಯಿತು. ಆ ಅಂಕೆಗಳನ್ನು ಒತ್ತಬೇಕಾದ ಗಳಿಗೆ ಯಾರ ಮನೆಗೆ ಎಂದು ಬರುವುದೋ ಬಲ್ಲವರಿಲ್ಲ. ಬಂದರೆ ವಿಳಾಸ ಹೇಳಿದೊಡನೆ ದೂರವಾಣಿಯನ್ನು ಇಟ್ಟುಬಿಡಬೇಡಿರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿರಿ. ಬಾಗಿಲು ತೆರೆದಿಡಿರಿ. ಅತ್ತಣ ಧ್ವನಿ ಹೀಗೆ ಮಾಡಿರಿ ಎಂದು ಹೇಳಿದರೆ, "ಇವನಾರು ನನಗೆ ಹೇಳಲು" ಎಂದು ತರ್ಕಿಸದೆ ಕೈಯೂರಿ ಒತ್ತಿರಿ. ಅಂತಹ ಹೊತ್ತಿನಲ್ಲಿ ವಿಧೇಯತೆಯೂ ಒಂದು ಧೈರ್ಯ. ಸಾಧ್ಯವಿದ್ದವರು ಮುಂಚೆಯೇ ಈ ವಿದ್ಯೆಯನ್ನು ಕಲಿತಿರಲಿ. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಒಂದು ಭಾನುವಾರದ ಮಧ್ಯಾಹ್ನ ಇದಕ್ಕೆ ಮೀಸಲಾದರೆ ಎಷ್ಟು ಚೆನ್ನ!

ಕೇಳುವುದೋ, ಹೇಳುವುದೋ ಎಂದು ಆರಂಭದಲ್ಲಿ ಪ್ರಶ್ನಿಸಿದೆವು. ಬಾಳಿನ ನೂರು ಸಂದರ್ಭಗಳಲ್ಲಿ ತೊಂಬತ್ತೊಂಬತ್ತರಲ್ಲಿ ಕೇಳುವುದೇ ಧರ್ಮ. ಇನ್ನೊಬ್ಬರ ಇಚ್ಛೆಯನ್ನು ಮನ್ನಿಸುವುದೇ ಸಜ್ಜನಿಕೆ. ಉಳಿದ ಒಂದರಲ್ಲಿ, ಎದುರಿಗಿರುವವರ ಕೈ ನಡುಗುತ್ತಿರುವಾಗ, ಹೊಣೆಯನ್ನು ನಾವು ಹೊತ್ತು ಸ್ಪಷ್ಟವಾಗಿ ಹೇಳುವುದು ಧರ್ಮ. ಆ ಒಂದು ಸಂದರ್ಭಕ್ಕಾಗಿ ನಮ್ಮನ್ನು ನಾವು ಎಷ್ಟು ಸಿದ್ಧಪಡಿಸಿಕೊಂಡಿದ್ದೇವೆ, ಎಷ್ಟು ಆಲಿಸಬಲ್ಲೆವು, ಅನಂತರ ಎಷ್ಟು ಉತ್ತರ ಕೊಡಬಲ್ಲೆವು ಎಂಬುದನ್ನು ಪ್ರತಿಯೊಬ್ಬರೂ ಏಕಾಂತದಲ್ಲಿ ಕುಳಿತು ವಿಚಾರಿಸಿಕೊಂಡರೆ ಈ ಲೇಖನ ಬರೆದದ್ದು ಸಾರ್ಥಕವಾದೀತು.